ಇಟ್ಟುಕೊಳ್ಳತಕ್ಕ ಬಾಡಿಗೆದಾರ

ಮತ್ತಿಕೆರೆಯ ಬ್ಯಾಟರಾಯಪ್ಪನಿಗೆ ಸರ್ಕಾರದ ಕಾಗದವೆಂದರೆ ದೇವರ ಪ್ರಸಾದವಿದ್ದಂತೆ. ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವಾಗ ಅವನ ಬಾಯಿಗೆ ಎದುರಿರಲಿಲ್ಲ. ಒಂದು ಕಟ್ಟು ದಂಟಿಗೆ ಚೌಕಾಸಿ ಮಾಡಲು ಬಂದ ಅಮ್ಮಂದಿರು ಅವನ ಮಾತಿಗೆ ಮರುಳಾಗಿ ಮೂರು ಕಟ್ಟು ಹೊತ್ತು ಹೋಗುತ್ತಿದ್ದರು. ಆದರೆ ಮುದ್ರೆ ಬಿದ್ದ ಕಾಗದ ಕಂಡರೆ ಮುಗಿಯಿತು. ಚಪ್ಪಲಿ ಬಿಟ್ಟು, ತಲೆಯ ಟವೆಲನ್ನು ಹೆಗಲಿಗಿಳಿಸಿ, ಎರಡೂ ಕೈಯೊಡ್ಡಿ ತೆಗೆದುಕೊಳ್ಳುವನು. ಓದಲು ಬರುತ್ತಿರಲಿಲ್ಲವಾದ್ದರಿಂದ ಭಕ್ತಿಗೆ ಯಾವ ಅಡ್ಡಿಯೂ ಇರಲಿಲ್ಲ.

ಪಂಚಾಯ್ತಿ ಕಾಲದಲ್ಲಿ ಮನೆ ಕಂದಾಯ ಯಾರಿಗೂ ತಲೆನೋವಾಗಿರಲಿಲ್ಲ. ಎರಡು ಕಂಬದ ನಡುವಿನ ಜಾಗ ಒಂದು ಅಂಕಣ, ಅಂಕಣಕ್ಕೆ ಆರಾಣೆ. ಬ್ಯಾಟರಾಯಪ್ಪನದು ಆರಂಕಣದ ಮನೆ, ವರ್ಷಕ್ಕೆ ಎರಡು ರೂಪಾಯಿ ನಾಲ್ಕಾಣೆ. ಎಮ್ಮೆ ಮೇಯಿಸುವವನು ಕೂಡ ಬಾಗಿಲಲ್ಲಿ ನಿಂತು ಕಂಬ ಎಣಿಸಿ ಕಂದಾಯ ಹೇಳಿಬಿಡುತ್ತಿದ್ದ. ಮೇಲಿನ ಬೀದಿಯ ಪುಣ್ಯಾತ್ಮನೊಬ್ಬ ಕಂದಾಯ ಉಳಿಸಲು ನಡುಮನೆಯ ಕಂಬವನ್ನೇ ಕೀಳಿಸಿದ್ದ. ಆರಾಣೆ ಉಳಿಯಿತು, ಮುಂದಿನ ಮಳೆಗಾಲಕ್ಕೆ ಮನೆ ಉಳಿಯಲಿಲ್ಲ.

ನಯಾಪೈಸೆ ಬಂದು ವರ್ಷ ತುಂಬುವ ಹೊತ್ತಿಗೆ ಊರು ಪಟ್ಟಣದ ಲೆಕ್ಕಕ್ಕೆ ಸೇರಿತು. ಇನ್ನು ಮೇಲೆ ಕಂಬ ಲೆಕ್ಕಕ್ಕಿಲ್ಲ, ಬಾಡಿಗೆಯೇ ಲೆಕ್ಕ ಎಂದು ಟಾಂಟಾಂ ಆಯಿತು. ಮನೆಗಳನ್ನು ನೋಡಲು ಇನ್‌ಸ್ಪೆಕ್ಟರು ಬರುತ್ತಾರೆಂದೂ ಸುದ್ದಿ ಹಬ್ಬಿತು. ನೋಡಲು ಬರುತ್ತಾರೆ ಎಂಬುದನ್ನು ಬ್ಯಾಟರಾಯಪ್ಪ ಹೆಣ್ಣು ನೋಡಲು ಬರುತ್ತಾರೆ ಎಂಬಂತೆ ತಿಳಿದುಕೊಂಡ. ಗೋಡೆಗೆ ಸುಣ್ಣ ಬಳಿಸಿದ. ಹೊಸಿಲಿಗೆ ಕೆಮ್ಮಣ್ಣು ಬಳಿಸಿದ. ಪಕ್ಕದ ಮನೆಯ ಲಕ್ಕಣ್ಣನ ಹತ್ತಿರ ಅವನ ಗೋಡೆ ಗಡಿಯಾರವನ್ನು ಒಂದು ದಿನದ ಮಟ್ಟಿಗೆ ಕಡ ತಂದು ಜಗಲಿಯ ಮೇಲೆ ನೇತುಹಾಕಿದ. ಅದು ನಡೆಯುತ್ತಿರಲಿಲ್ಲ, ಆದರೆ ದೂರದಿಂದ ನೋಡುವವರಿಗೆ ಅದು ಗೊತ್ತಾಗುವ ಹಾಗಿರಲಿಲ್ಲ.

ಇನ್‌ಸ್ಪೆಕ್ಟರ್ ಚನ್ನಕೇಶವ ಸೈಕಲ್ಲಿನಲ್ಲಿ ಬಂದರು. ಸಣಕಲು ಮೈ, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಟೇಪು. ಬೆಳಗ್ಗಿನಿಂದ ಮೂವತ್ತು ಮನೆ ಅಳೆದು ದನಿ ಬಿದ್ದುಹೋಗಿತ್ತು. ಬೀದಿಯ ಜನವೆಲ್ಲ ಹಿಂದೆ ನಿಂತಿತ್ತು. ಅವರು ಮುಂದಿನ ಕೋಣೆಗೆ ಕಾಲಿಟ್ಟು, ಅಲ್ಲಿನ ಕೆಂಪು ಗಾರೆ ನೆಲ ನೋಡಿ, ಕಾಲು ಹಿಂದಕ್ಕೆ ತೆಗೆದು, ಚಪ್ಪಲಿ ಬಿಟ್ಟು ಒಳಗೆ ಹೋದರು. ಹೊರಗೆ ಬಂದು ಗಡಿಯಾರ ನೋಡಿದರು. ಪುಸ್ತಕದಲ್ಲಿ ಏನೋ ಬರೆದರು.

"ಈ ಮನೇನ ಬಾಡಿಗೆಗೆ ಕೊಟ್ಟಿದೀರಾ?"

"ಇಲ್ಲ ಸ್ವಾಮಿ, ನಾವೇ ಇದೀವಿ."

"ಸರಿ. ಬಾಡಿಗೆದಾರ ಒಬ್ಬ ಅಂತ ಇಟ್ಕೊಳ್ಳಿ."

ಬ್ಯಾಟರಾಯಪ್ಪ ತಲೆಯ ಟವೆಲನ್ನು ಹೆಗಲಿಗಿಳಿಸಿದ. "ಇಟ್ಕಬೇಕಾ ಸ್ವಾಮಿ?"

"ಇಟ್ಕೊಳ್ದೆ ಲೆಕ್ಕ ಹೇಗೆ ಹಾಕೋದು? ಕಾನೂನೇ ಹಾಗಿದೆ. ಅವನು ತಿಂಗಳಿಗೆ ಇಪ್ಪತ್ತೈದು ರೂಪಾಯಿ ಕೊಡ್ತಾನೆ ಅಂತ ಇಟ್ಕೊಳ್ಳಿ."

"ಕೊಡ್ತಾನಾ ಸ್ವಾಮಿ?"

"ಕೊಡ್ತಾನೆ. ವರ್ಷಕ್ಕೆ ಮುನ್ನೂರಾಯ್ತು. ರಿಪೇರಿ ಖರ್ಚಿಗೆ ಅಂತ ನೂರಕ್ಕೆ ಹತ್ತರಂತೆ ಮೂವತ್ತು ಬಿಟ್ಬಿಡ್ತೀವಿ. ಉಳಿದದ್ದು ಇನ್ನೂರೆಪ್ಪತ್ತು. ಅದಕ್ಕೆ ನೂರಕ್ಕೆ ಹತ್ತು ಕಂದಾಯ. ಇಪ್ಪತ್ತೇಳು ರೂಪಾಯಿ. ವರ್ಷಕ್ಕೆರಡು ಕಂತು, ಕಂತಿಗೆ ಹದಿಮೂರೂವರೆ. ತಿಳೀತಾ?"

ಬ್ಯಾಟರಾಯಪ್ಪನಿಗೆ ತಿಳಿಯಲಿಲ್ಲ, ಆದರೆ ಮೈ ಜುಮ್ಮೆಂದಿತು. ಕಾಗದವಿಲ್ಲ, ಪೆನ್ಸಿಲ್ಲಿಲ್ಲ, ಬೆರಳು ಕೂಡ ಮಡಿಸಲಿಲ್ಲ ಮಹಾನುಭಾವ. ಮನೆಯೊಳಗೆ ಇಲ್ಲದ ಮನುಷ್ಯನೊಬ್ಬನನ್ನು ಕಂಡ, ಅವನ ಜೇಬಿನಲ್ಲಿ ಇಪ್ಪತ್ತೈದು ಕಂಡ, ಅದನ್ನು ಮುನ್ನೂರು ಮಾಡಿದ, ಕೇಳದಿದ್ದರೂ ಮೂವತ್ತು ಬಿಟ್ಟುಕೊಟ್ಟ. ಸರ್ಕಾರಕ್ಕೆ ಎಷ್ಟು ದೂರದ್ದು ಕಾಣುತ್ತದಪ್ಪಾ ಎಂದು ಅವನು ಕೈಮುಗಿದು ನಿಂತೇ ಇದ್ದ. ಸೈಕಲ್ಲು ಬೀದಿ ತಿರುಗಿ ಮರೆಯಾದ ಮೇಲೂ ಕೈ ಇಳಿಸಲಿಲ್ಲ.

"ಎಲ್ಡೂ ಕಾಲು ರೂಪಾಯಿಂದ ಇಪ್ಪತ್ತೇಳಕ್ಕೆ ಓಯ್ತಲ್ರೀ ಕಂದಾಯ, ಅದಕ್ಯಾಕೆ ಕೈ ಮುಗೀತಿದೀರ?" ಎಂದಳು ಹೆಂಡತಿ ಮುನಿಕೆಂಪಮ್ಮ.

"ಇಪ್ಪತ್ತೇಳು ಓಗೋದು ಕಾಣ್ತದೆ ನಿಂಗೆ. ಮುನ್ನೂರು ಬರೋದು ಕಾಣಾಕಿಲ್ಲ. ಸರ್ಕಾರ್ದೋರು ಬಾಯಿಬಿಟ್ಟು ಅಂದವ್ರೆ, ಕೊಡ್ತಾನೆ ಅಂತ."

"ಯಾರು ಕೊಡ್ತಾನೆ?"

ಈ ಪ್ರಶ್ನೆಗೆ ಉತ್ತರ ಹತ್ತು ದಿನದ ಮೇಲೆ ಅಂಚೆಯಲ್ಲಿ ಬಂತು. ಬ್ಯಾಟರಾಯಪ್ಪ ಕಾಗದವನ್ನು ಕಣ್ಣಿಗೊತ್ತಿಕೊಂಡು ಲಕ್ಕಣ್ಣನ ಮನೆಗೆ ಒಯ್ದ. ಲಕ್ಕಣ್ಣ ಲೋವರ್ ಸೆಕೆಂಡರಿ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವನು. ಪರೀಕ್ಷೆಗೆ ಕೂತ ಇನ್ನೊಬ್ಬನು ಆ ಬೀದಿಯಲ್ಲಿ ಇರಲಿಲ್ಲವಾದ್ದರಿಂದ ಅವನೇ ಪಂಡಿತ. ತನಗೆ ಬಂದ ಕಾಗದವನ್ನೂ ಅವನು ಎದುರಿಗಿಟ್ಟುಕೊಂಡು ಹಣೆ ಗಂಟಿಕ್ಕಿ ಕೂತಿದ್ದ.

"ಕೇಳ್ಕೋ ಬ್ಯಾಟ್ರಾಯಪ್ಪ. 'ಸದರಿ ಸ್ವತ್ತನ್ನು ಬಾಡಿಗೆಗೆ ಕೊಟ್ಟಲ್ಲಿ ಬರತಕ್ಕ ಮಾಸಿಕ ಬಾಡಿಗೆ ರೂಪಾಯಿ ಇಪ್ಪತ್ತೈದು.' ಆಮ್ಯಾಕೆ ತಕರಾರು ಅಂತ ಏನೇನೋ ಐತೆ. ಕೊನೇಲಿ 'ಹದಿನೈದು ದಿವಸದೊಳಗಾಗಿ ಖುದ್ದು ಹಾಜರಾಗಿ ತಿಳಿಸತಕ್ಕದ್ದು.' ನೋಡ್ದಾ, ಎಲ್ಡು ಕಡೆ 'ತಕ್ಕ' ಬಂದದೆ."

"ಬಂದ್ರೆ?"

"ಬಂದ್ರೆ ಅಂದ್ರೆ? ಸರ್ಕಾರ 'ಮಾಡು' ಅಂದ್ರೆ ಮಾಡ್ಬೋದು, ಬುಡಬೋದು. 'ಮಾಡತಕ್ಕದ್ದು' ಅಂದ್ರೆ ಮುಗೀತು. ನಮ್ಮ ಮಾವನಿಗೆ ಕೋರ್ಟಿಂದ 'ಹಾಜರಾಗತಕ್ಕದ್ದು' ಅಂತ ಬಂದಿತ್ತು. ಓಗ್ಲಿಲ್ಲ. ಎಮ್ಮೆ ಜಪ್ತಿ ಆಯ್ತು." ಲಕ್ಕಣ್ಣ ಕಾಗದವನ್ನು ಮಡಿಸಿ ಕೊಟ್ಟ. "ಬಾಡಿಗೆದಾರನ್ನ ಇಟ್ಕಳತಕ್ಕದ್ದು. ಅವನು ಇಪ್ಪತ್ತೈದು ಕೊಡತಕ್ಕದ್ದು. ಹದಿನೈದು ದಿವ್ಸದಾಗೆ ನೀನು ಓಗಿ ತಿಳಿಸತಕ್ಕದ್ದು. ಇದೇ ಅದ್ರ ಸಾರಾಂಶ."

"ಸ್ವಾಮಿಗಳು ಬಾಯಲ್ಲೂ ಅಂಗೇ ಅಂದ್ರು ಕಣೋ. ಇಟ್ಕಳಿ ಅಂತ ಮೂರು ಸಲ ಅಂದ್ರು," ಎಂದ ಬ್ಯಾಟರಾಯಪ್ಪ, ಬಾಯಿಮಾತಿಗೂ ಬರವಣಿಗೆಗೂ ಒಂದಿಷ್ಟೂ ವ್ಯತ್ಯಾಸವಿಲ್ಲದ ಆಡಳಿತಕ್ಕೆ ಮತ್ತೊಮ್ಮೆ ಬೆರಗಾಗಿ. "ನಿಂಗೆಷ್ಟು ಬಂದದೆ?"

"ಹದಿನೆಂಟು," ಎಂದ ಲಕ್ಕಣ್ಣ, ಮುಖ ಸಣ್ಣದು ಮಾಡಿಕೊಂಡು. "ನಿನ್ನ ಇಪ್ಪತ್ತೈದರಾಗೆ ನನ್ನ ಗಡಿಯಾರದ್ದೂ ಐತೆ. ಮರೀಬ್ಯಾಡ."

ಹೆಮ್ಮೆಯಿಂದ ಮನೆಗೆ ಬಂದ ಬ್ಯಾಟರಾಯಪ್ಪನ ಹೆಮ್ಮೆ ಜಗಲಿಯ ಮೇಲೇ ಇಳಿದುಹೋಯಿತು. ಬಾಡಿಗೆದಾರನನ್ನು ಇಟ್ಟುಕೊಳ್ಳುವುದು ಸರಿ, ಎಲ್ಲಿ ಇಟ್ಟುಕೊಳ್ಳುವುದು? ಆರಂಕಣದಲ್ಲಿ ಹಿಂದಿನ ಮೂರರಲ್ಲಿ ಒಲೆ, ಎರಡು ಎಮ್ಮೆ, ನಾಲ್ಕು ಮಕ್ಕಳು, ಗಂಡ ಹೆಂಡತಿ. ಮುಂದಿನ ಮೂರಂಕಣದ ಕೋಣೆ ಅವನ ಅಕ್ಕ ದ್ರೌಪದಮ್ಮನದು.

ಅಕ್ಕನೆಂದರೆ ಹೆಸರಿಗೆ ಅಕ್ಕ. ಬ್ಯಾಟರಾಯಪ್ಪ ಎರಡು ವರ್ಷದವನಿದ್ದಾಗ ತಾಯಿ ಹೋದಳು. ಅದೇ ವರ್ಷ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ದ್ರೌಪದಮ್ಮ ಅವನನ್ನು ಸೊಂಟಕ್ಕೇರಿಸಿಕೊಂಡವಳು ಇಳಿಸಿದ್ದು ಅವನ ಮದುವೆಯ ದಿನ ಎಂದು ಊರವರು ಗೇಲಿ ಮಾಡುತ್ತಿದ್ದರು. ಈ ಮನೆಗೆ ಇಟ್ಟಿಗೆ ಹೊತ್ತವಳೂ ಅವಳೇ, ಮುಂದಿನ ಕೋಣೆಯ ಗಾರೆ ನೆಲವನ್ನು ದಿನಗಟ್ಟಲೆ ತಿಕ್ಕಿ ಹೊಳಪು ತಂದವಳೂ ಅವಳೇ. ಅವಳ ನಾಲಿಗೆಗೆ ಬೀದಿಯೆಲ್ಲ ಹೆದರುತ್ತಿತ್ತು. ಅವಳಿಲ್ಲದ ಮನೆಯನ್ನು ಬ್ಯಾಟರಾಯಪ್ಪ ಒಂದು ದಿನವೂ ನೋಡಿರಲಿಲ್ಲ.

ವಿಷಯ ಹೇಳಲು ಅವನು ಮೂರು ಸಲ ಕೆಮ್ಮಿದ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ಎಲ್ಲಾ ಕೇಳಿಸ್ಕಂಡೆ ಬುಡು. ಲಕ್ಕಣ್ಣ ಓದಿದ್ದು ಯಶವಂತಪುರಕ್ಕೆ ಕೇಳ್ಸಿರ್ತದೆ. ನಾನು ಅಬ್ಬಿಗೆರೆಗೆ ಓಯ್ತೀನಿ, ದೊಡ್ಡಪ್ಪನ ಮಗ ಅಶ್ವತ್ಥನ ಮನೆಗೆ."

"ಬ್ಯಾಡಕ್ಕಯ್ಯ. ಒಳಗೇ ಒಂದು ಮೂಲೇಲಿ..."

"ಎಮ್ಮೆ ಕಾಲಾಗೆ ನನ್ನ ಮಲಗುಸ್ತೀಯಾ? ಸರ್ಕಾರ ಅಂದ್ಮೇಲೆ ನಾನೂ ನೀನೂ ಯಾವ ಲೆಕ್ಕ. ನಿನ್ನ ಎಮ್ಮೆ ಜಪ್ತಿ ಆದ್ರೆ ಮಕ್ಳಿಗೆ ಹಾಲಿಲ್ಲ. ಇಟ್ಕಳಪ್ಪ, ಬಾಡಿಗೆದಾರನ್ನೇ ಇಟ್ಕೋ."

ಅವಳು ಅಳಲಿಲ್ಲ, ಬೈಯಲಿಲ್ಲ. ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ ಒರೆಸತೊಡಗಿದಳು. ಅಕ್ಕ ಬೈಯದೆ ಇದ್ದದ್ದು ಬ್ಯಾಟರಾಯಪ್ಪನಿಗೆ ಬುದ್ಧಿ ತಿಳಿದಾಗಿನಿಂದ ಅದೇ ಮೊದಲು. ಅವನು ಎಮ್ಮೆಯ ಮರೆಗೆ ಹೋಗಿ ಅತ್ತುಬಿಟ್ಟ. ಆದರೆ 'ತಕ್ಕದ್ದು' ಎಂದ ಮೇಲೆ ಅದನ್ನು ಮೀರುವುದು ಹೇಗೆ?

ಒಂದೇ ದಾರಿ ಕಂಡಿತು. ಹದಿನೈದನೆಯ ದಿನದವರೆಗೆ ಅಕ್ಕನನ್ನು ತಡೆಯುವುದು, ಅಷ್ಟರಲ್ಲಿ ಇದ್ದೂ ಇಲ್ಲದಂತಿರುವ ಬಾಡಿಗೆದಾರನೊಬ್ಬನನ್ನು ಹುಡುಕುವುದು. ರಾತ್ರಿ ಪಾಳಿಯವನಾದರೆ ಹಗಲು ಜಗಲಿಯ ಮೇಲೆ ಮಲಗಿಯಾನು, ಕೋಣೆ ಅಕ್ಕನಿಗೇ ಉಳಿದೀತು. ಇಪ್ಪತ್ತೈದು ರೂಪಾಯಿ ಕೊಟ್ಟು ಜಗಲಿಯ ಮೇಲೆ ಮಲಗುವವನು ಸಿಗುತ್ತಾನೆಯೇ ಎಂದು ಹೆಂಡತಿ ಕೇಳಿದಳು. ಸರ್ಕಾರಕ್ಕೆ ಕಂಡವನು ನಮಗೂ ಕಾಣುತ್ತಾನೆ ಎಂದ ಬ್ಯಾಟರಾಯಪ್ಪ.

ತೊಂದರೆ ಏನೆಂದರೆ ಲಕ್ಕಣ್ಣ ತನ್ನ ಸಾರಾಂಶವನ್ನು ಬೀದಿಯ ಮನೆಮನೆಗೂ ಹಂಚಿದ್ದ. ಇಪ್ಪತ್ತೆರಡು ಮನೆಗೆ ಇಪ್ಪತ್ತೆರಡು ಬಾಡಿಗೆದಾರರು ಬೇಕಾದರು. ಹೊರಗಿನ ಮುಖ ಕಂಡರೆ ಜನ ಮುತ್ತಿಕೊಂಡರು. ಸಿಡುಬು ಬರದಂತೆ ದೇವಿ ಹಾಕಲು ಬಂದ ಆರೋಗ್ಯ ಇಲಾಖೆಯವನನ್ನು ಕಂಡರೆ ವರ್ಷವರ್ಷವೂ ಬಾಗಿಲು ಹಾಕಿಕೊಳ್ಳುತ್ತಿದ್ದ ಬೀದಿ ಈ ಸಲ ಎದ್ದು ಎದುರುಗೊಂಡಿತು. ಒಬ್ಬಳು ಮಜ್ಜಿಗೆ ಕೊಟ್ಟಳು, ಒಬ್ಬಳು ಚಾಪೆ ಹಾಸಿದಳು. ಎಲ್ಲಿ ವಾಸ, ಮದುವೆ ಆಗಿದೆಯಾ, ಬೀಡಿ ಸೇದುತ್ತೀರಾ ಎಂದು ಎಂಟು ಜನ ಒಟ್ಟಿಗೆ ಕೇಳಿದರು. ಆತ ಹೆದರಿ, ಸೂಜಿಯ ಡಬ್ಬಿಯನ್ನೂ ಬಿಟ್ಟು ಸೈಕಲ್ ಹತ್ತಿದ. ಮಾರನೆಯ ದಿನ ಡಬ್ಬಿ ತೆಗೆದುಕೊಂಡು ಹೋಗಲು ಇನ್ನೊಬ್ಬನನ್ನು ಕಳಿಸಿದ, ಅವನನ್ನೂ ಬಿಡಲಿಲ್ಲ.

ಜಟಕಾ ಗಾಡಿಯ ತಾಜುದ್ದೀನ್ ಬ್ಯಾಟರಾಯಪ್ಪನ ಹಳೆಯ ಸ್ನೇಹಿತ. ಅವನು ಜಾಲಹಳ್ಳಿಯ ಕಡೆಯಿಂದ ಫಿಟರ್ ಮೊಯಿನುದ್ದೀನ್ ಎಂಬವನನ್ನು ಗಾಡಿಯಲ್ಲಿ ಕೂರಿಸಿಕೊಂಡು, ದಾರಿಯಲ್ಲಿ ಯಾರಿಗೂ ಕಾಣದಂತೆ ಪರದೆ ಬಿಟ್ಟು ಕರೆತಂದ. ಒಳ್ಳೆಯ ಮನುಷ್ಯ. ಕೋಣೆ ನೋಡಿದ, ನೆಲ ನೋಡಿ ಮೆಚ್ಚಿದ.

"ಎಷ್ಟು ಕೊಡಬೇಕಣ್ಣ?"

"ಇಪ್ಪತ್ತೈದು."

ಮೊಯಿನುದ್ದೀನ್ ಮೆಲ್ಲಗೆ ಚಪ್ಪಲಿ ಹುಡುಕಿದ. "ನಮ್ಮ ಕಡೆ ಈ ತರ ಕೋಣೆ ಎಂಟು ರೂಪಾಯಿ. ಎಂಟಾದ್ರೆ ನಾಳೇನೇ ಬರ್ತೀನಿ."

ಬ್ಯಾಟರಾಯಪ್ಪ ಅವನ ಕೈ ಹಿಡಿದುಕೊಂಡ. "ನಿಲ್ಲಪ್ಪ. ನೀನು ಎಂಟೇ ತಾ. ನಾನು ಅದಕ್ಕೆ ಹದಿನೇಳು ಸೇರಿಸಿ ನಿನ್ನ ಕೈಗೆ ಕೊಡ್ತೀನಿ. ನೀನು ಇಪ್ಪತ್ತೈದನ್ನೂ ನಂಗೆ ಕೊಡು."

"ಅಂದ್ರೆ ನಾನು ಎಂಟೇ ಕೊಟ್ಟಂಗಲ್ವಾ?"

"ಎಂಟು ಕೊಟ್ಟಂಗೂ ಆಯ್ತು, ಇಪ್ಪತ್ತೈದು ಕೊಟ್ಟಂಗೂ ಆಯ್ತು. ಸರ್ಕಾರ್ದೋರಿಗೆ ಅಂಗೇ ಕಂಡಿರೋದು."

ಮೊಯಿನುದ್ದೀನ್ ತಾಜುದ್ದೀನನ ಮುಖ ನೋಡಿದ. ತಾಜುದ್ದೀನ್ ಕುದುರೆಯ ಮುಖ ನೋಡಿದ. ಯೋಚನೆ ಮಾಡಿ ಹೇಳುತ್ತೇನೆ ಎಂದು ಹೋದ ಫಿಟರ್ ಮತ್ತೆ ಆ ಬೀದಿಗೆ ಬರಲಿಲ್ಲ.

ಹೀಗೆ ಐದು ಜನ ಬಂದು ನೋಡಿದರು. ಒಬ್ಬ ಏಳೂವರೆ ಎಂದ, ಮೂವರು ಎಂಟು ಎಂದರು, ಒಬ್ಬ ಮೇಷ್ಟ್ರು ಸ್ನಾನಕ್ಕೆ ಬಿಸಿನೀರು ಕೊಟ್ಟರೆ ಎಂಟೂ ಕಾಲು ಎಂದರು. ತಾನು ಸುಮ್ಮನೆ ಕೂತಿರಲಿಲ್ಲವೆಂದು ಸರ್ಕಾರಕ್ಕೆ ತಿಳಿಯಬೇಕಲ್ಲ, ಬ್ಯಾಟರಾಯಪ್ಪ ಪ್ರತಿಯೊಬ್ಬರ ಹೆಸರು, ವಿಳಾಸ, ಹೇಳಿದ ಬಾಡಿಗೆ ಎಲ್ಲವನ್ನೂ ಲಕ್ಕಣ್ಣನಿಂದ ಬರೆಸಿ ರುಜು ಹಾಕಿಸಿಕೊಂಡ. ಇಪ್ಪತ್ತೈದರ ಬಾಡಿಗೆದಾರ ಮಾತ್ರ ಎಲ್ಲೂ ಸಿಗಲಿಲ್ಲ. ಹದಿನಾಲ್ಕು ದಿನ ಕಳೆದವು.

ಹದಿನೈದನೆಯ ದಿನ ಬೆಳಗ್ಗೆ ದ್ರೌಪದಮ್ಮ ಪೆಟ್ಟಿಗೆಯನ್ನು ಜಗಲಿಗೆ ತಂದಿಟ್ಟು, ಹನ್ನೆರಡು ಗಂಟೆಗೆ ಗಾಡಿ ತರಲು ತಾಜುದ್ದೀನನಿಗೆ ಹೇಳಿ ಕಳಿಸಿದಳು. ಬ್ಯಾಟರಾಯಪ್ಪ ಅವಳ ಮುಖ ನೋಡಲಾರದೆ ಹೊರಬಿದ್ದ. ಕೈಯಲ್ಲೊಂದು ನಿಂಬೆಹಣ್ಣು, ಟವೆಲಿನ ಚುಂಗಿನಲ್ಲಿ ಐದು ಜನರ ರುಜು. ಕಂದಾಯದ ಕಚೇರಿಯವರೆಗೂ ಒಂದೇ ಓಟ.

ಆ ಕಚೇರಿಯೊಳಗೆ ಕಾಲಿಟ್ಟಾಗ ಅವನಿಗೆ ಸ್ವಲ್ಪ ಹೊತ್ತು ದುಃಖವೂ ಮರೆತುಹೋಯಿತು. ನೆಲದಿಂದ ಸೂರಿನವರೆಗೆ ಪುಸ್ತಕ. ಅಷ್ಟು ಪುಸ್ತಕಗಳಲ್ಲಿ ಅಷ್ಟು ಮನೆ, ಅಷ್ಟು ಮನೆಗಳಲ್ಲಿ ಕಣ್ಣಿಗೆ ಕಾಣದ ಅಷ್ಟು ಬಾಡಿಗೆದಾರರು. ಎಲ್ಲರ ಹೊಟ್ಟೆಪಾಡೂ ಹೇಗೋ ನಡೆಯುತ್ತಿರಬೇಕಲ್ಲ ಎಂದುಕೊಂಡ.

ಚನ್ನಕೇಶವ ತಲೆಯೆತ್ತುವಷ್ಟರಲ್ಲಿ ನಿಂಬೆಹಣ್ಣು ಮೇಜಿನ ಮೇಲಿತ್ತು, ಬ್ಯಾಟರಾಯಪ್ಪ ಮೇಜಿನ ಕೆಳಗೆ ಅಡ್ಡಬಿದ್ದಿದ್ದ.

"ತಪ್ಪಾಯ್ತು ಸ್ವಾಮಿ. ನೀವು ಇಟ್ಕಳಿ ಅಂದ್ರಿ. ನಂಗೆ ಇಟ್ಕಳಾಕೆ ಆಗ್ಲಿಲ್ಲ. ಬೇಕಾದ್ರೆ ಎಮ್ಮೆ ಜಪ್ತಿ ಮಾಡ್ಕಳಿ. ನಮ್ಮಕ್ಕನ್ನ ಮಾತ್ರ ಮನೆ ಬುಡುಸ್ಬ್ಯಾಡಿ."

"ಏಳ್ರೀ ಮೇಲೆ. ಯಾರನ್ನ ಇಟ್ಕೊಳ್ಳಿ ಅಂದೆ ನಾನು?"

"ಬಾಡಿಗೆದಾರನ್ನ."

ಕಚೇರಿಯಲ್ಲಿ ಪೆನ್ನುಗಳು ನಿಂತವು. ಬ್ಯಾಟರಾಯಪ್ಪ ಮೊದಲಿನಿಂದ ಕೊನೆಯವರೆಗೂ ಹೇಳಿದ. ದೇವಿ ಹಾಕುವವನ ಕಥೆಗೆ ಬರುವಷ್ಟರಲ್ಲಿ ಪಕ್ಕದ ಗುಮಾಸ್ತರು ಕಡತದ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಚನ್ನಕೇಶವ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಬ್ಯಾಟರಾಯಪ್ಪ, ಇಟ್ಕೊಳ್ಳಿ ಅಂದ್ರೆ ಅಂದ್ಕೊಳ್ಳಿ ಅಂತ. ಸುಮ್ನೆ ಮನಸ್ಸಲ್ಲಿ. ಅಂಥ ಬಾಡಿಗೆದಾರ ಯಾವನೂ ಇಲ್ಲ."

"ಯಾವನೂ ಇಲ್ವಾ ಸ್ವಾಮಿ?"

"ಇಲ್ಲ."

"ಮತ್ತೆ ಆ ಇಪ್ಪತ್ತೈದು?"

"ಅದೂ ಇಲ್ಲ."

"ಆ ಮುನ್ನೂರು? ರಿಪೇರಿಗೆ ನೀವು ಬುಟ್ಟ ಮೂವತ್ತು?"

"ಯಾವುದೂ ಇಲ್ಲ."

"ಇಪ್ಪತ್ತೇಳು?"

"ಅದೊಂದಿದೆ," ಎಂದರು ಚನ್ನಕೇಶವ.

ಬ್ಯಾಟರಾಯಪ್ಪ ಬಾಯಿ ತೆರೆದು ನಿಂತ. ಇಲ್ಲದವನು ಕೊಡದ ಬಾಡಿಗೆಯಲ್ಲಿ ಖರ್ಚಾಗದ ರಿಪೇರಿಯನ್ನು ಕಳೆದು ಕೊನೆಗೆ ಗಟ್ಟಿ ಇಪ್ಪತ್ತೇಳು ರೂಪಾಯಿ ತೆಗೆಯುವ ವಿದ್ಯೆ. ಶಿವರಾತ್ರಿಗೆ ಬರುವ ಗಾರುಡಿಯವನು ಖಾಲಿ ಬುಟ್ಟಿಯಿಂದ ಒಂದು ಪಾರಿವಾಳ ತೆಗೆದದ್ದಕ್ಕೇ ಅವನು ಎರಡಾಣೆ ಹಾಕಿದ್ದ. ಇದರ ಮುಂದೆ ಅದು ಏನೂ ಅಲ್ಲವೆನಿಸಿತು.

"ಆ ಚೀಟಿ ಏನದು?" ಎಂದರು ಚನ್ನಕೇಶವ. ಐದು ರುಜುಗಳನ್ನು ಓದಿದರು, ಮತ್ತೆ ಓದಿ ಗುಮಾಸ್ತರ ಕಡೆ ತಿರುಗಿದರು. "ಕೇಳಿದ್ರೇನ್ರೀ? ಹನ್ನೆರಡು ವರ್ಷದ ಸರ್ವಿಸ್ಸಲ್ಲಿ ಇಂಥ ತಕರಾರು ಅರ್ಜಿ ನೋಡಿಲ್ಲ. ಎಲ್ರೂ ಬಂದು ಬಾಡಿಗೆ ಜಾಸ್ತಿಯಾಯ್ತು ಅಂತ ಅಳ್ತಾರೆ, ಸಾಕ್ಷಿ ತಂದೋರಿಲ್ಲ. ಇಲ್ಲಿ ಐದು ಸಾಕ್ಷಿ. ಅರ್ಧ ಮನೆಗೆ ಎಂಟು, ಅಂದ್ರೆ ಪೂರ್ತಿಗೆ ಹದಿನಾರು. ವರ್ಷಕ್ಕೆ ನೂರತೊಂಬತ್ತೆರಡು. ರಿಪೇರಿ ಕಳೆದ್ರೆ ನೂರೆಪ್ಪತ್ತೆರಡು ರೂಪಾಯಿ ಎಂಬತ್ತು ನಯಾಪೈಸೆ. ಕಂದಾಯ ಹದಿನೇಳು ಇಪ್ಪತ್ತೆಂಟು. ಹೋಗಿ ಬ್ಯಾಟರಾಯಪ್ಪ, ಇಳಿಸಿದೀನಿ. ಸಾಯಂಕಾಲ ಪುಸ್ತಕದಲ್ಲಿ ಏರಿಸ್ತೀನಿ."

ಇಳಿಸಿದೀನಿ, ಏರಿಸ್ತೀನಿ ಎರಡೂ ಬ್ಯಾಟರಾಯಪ್ಪನ ಕಿವಿಗೆ ಬಿದ್ದವು, ಯೋಚಿಸಲು ಮಾತ್ರ ಆಗ ಪುರಸೊತ್ತಿರಲಿಲ್ಲ. ಬಾಡಿಗೆದಾರ ಇಲ್ಲ ಎಂಬ ಒಂದನ್ನೇ ಹಿಡಿದುಕೊಂಡು ಬಿಸಿಲಲ್ಲಿ ಓಡಿದ. ಅವನು ಬೀದಿ ತಿರುಗುವ ಹೊತ್ತಿಗೆ ಜಟಕಾ ಹೊರಟುನಿಂತಿತ್ತು. ಪೆಟ್ಟಿಗೆ ಏರಿತ್ತು. ದ್ರೌಪದಮ್ಮ ಹಿಂದಕ್ಕೆ ಮುಖ ಮಾಡಿ ಕೂತಿದ್ದಳು. ಮುನಿಕೆಂಪಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತಿದ್ದಳು, ಮಕ್ಕಳು ಗಾಡಿಯ ಚಕ್ರ ಹಿಡಿದು ಅಳುತ್ತಿದ್ದವು. ಬೀದಿಯವರೆಲ್ಲ ಸೇರಿದ್ದರು.

"ತಾಜೂ, ನಿಲ್ಸು. ಅಕ್ಕಯ್ಯ, ಇಳಿ. ಬಾಡಿಗೆದಾರ ಇಲ್ವಂತೆ."

"ಸತ್ತೋದ್ನಾ?" ಎಂದಳು ದ್ರೌಪದಮ್ಮ.

"ಉಟ್ಟೇ ಇಲ್ವಂತೆ. ಇಟ್ಕಳಿ ಅಂದ್ರೆ ಅಂದ್ಕಳಿ ಅಂತಂತೆ. ಮನಸಿನಾಗೆ."

ಬೀದಿ ತಿರುಗಿ ಲಕ್ಕಣ್ಣನನ್ನು ನೋಡಿತು. ಲಕ್ಕಣ್ಣ ಆಕಾಶ ನೋಡಿದ. "ಸರ್ಕಾರದ ಭಾಷೆ ಸ್ವಲ್ಪ ಆಳ ಇರ್ತದೆ," ಎಂದು ಹೇಳಿ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ದ್ರೌಪದಮ್ಮ ತಮ್ಮನನ್ನು ನೋಡಿದಳು. ಬೆವರು, ಧೂಳು, ಓಡಿ ಓಡಿ ಕೆಂಪಾದ ಕಣ್ಣು. "ಇಲ್ಲದೋನಿಗೋಸ್ಕರ ಇರೋಳು ಗಾಡಿ ಹತ್ತಿದ್ನಲ್ಲಪ್ಪ," ಎಂದಳು. "ಸರಿ, ಪೆಟ್ಟಿಗೆ ಇಳ್ಸು."

ಬ್ಯಾಟರಾಯಪ್ಪ ಅಲ್ಲಿಗೆ ಸುಮ್ಮನಿದ್ದರೆ ಕಥೆ ಮುಗಿಯುತ್ತಿತ್ತು. ಸಂತೋಷದಲ್ಲಿ ಅವನಿಗೆ ಬಾಯಿ ನಿಲ್ಲಲಿಲ್ಲ. "ಕಂದಾಯಾನೂ ಇಳಿಸವ್ರೆ ಅಕ್ಕಯ್ಯ. ನಿನ್ನ ಕೋಣೆಗೆ ಎಂಟೇ ರೂಪಾಯಿ ಅಂತ ಬರ್ಕಂಡ್ರು."

ಗಾಡಿಯಿಂದ ಒಂದು ಕಾಲು ಕೆಳಗಿಟ್ಟಿದ್ದ ದ್ರೌಪದಮ್ಮ ಅದನ್ನು ಮೇಲಕ್ಕೆಳೆದುಕೊಂಡಳು.

"ಎಷ್ಟು?"

"ಎಂಟು."

"ನನ್ನ ಕೋಣೆಗಾ?" ಅವಳ ಹಳೆಯ ದನಿ ಬಂದುಬಿಟ್ಟಿತು. "ತಾಜು, ಗಾಡಿ ತಿರುಗ್ಸು. ಅಬ್ಬಿಗೆರೆಗಲ್ಲ, ಆಪೀಸಿಗೆ. ನೀನೂ ಹತ್ತಲಾ ಬ್ಯಾಟ."

ಕಂದಾಯದ ಕಚೇರಿಯ ಮುಂದೆ ತಗಡಿನ ಪೆಟ್ಟಿಗೆಯ ಸಮೇತ ಬಂದು ನಿಂತ ಜಟಕಾವನ್ನು ನೋಡಿ ಜವಾನ ಯಾರೋ ವರ್ಗವಾಗಿ ಬಂದ ಅಧಿಕಾರಿಯೆಂದು ಸಲಾಮು ಹೊಡೆದ. ದ್ರೌಪದಮ್ಮ ಸಲಾಮು ತೆಗೆದುಕೊಂಡು ಒಳಗೆ ನಡೆದಳು. ಹಿಂದೆ ಬಂದ ತಮ್ಮ ಅವಳ ಸೆರಗು ಹಿಡಿಯುವುದೊಂದೇ ಬಾಕಿ.

"ಎಂಟು ರೂಪಾಯಿ ಬೆಲೆ ಕಟ್ಟಿದೋರು ಯಾರಪ್ಪ?"

ಚನ್ನಕೇಶವ ಎದ್ದು ನಿಂತರು. ಯಾಕೆ ಎದ್ದೆನೆಂದು ಅವರಿಗೂ ಗೊತ್ತಾಗಲಿಲ್ಲ. "ಅಮ್ಮಾ, ಕಮ್ಮಿಯಾದಷ್ಟೂ ನಿಮಗೇ ಒಳ್ಳೇದು."

"ಆ ನೆಲ ತಿಕ್ಕಿದೋಳು ನಾನು. ಹದಿನೆಂಟು ದಿವ್ಸ ಮಂಡಿ ಊರಿ ತಿಕ್ಕೀನಿ, ಅಂಗೈ ಚರ್ಮ ಎದ್ದೋಗಿತ್ತು. ನೀವೂ ಚಪ್ಲಿ ಬುಟ್ಟು ಒಳೀಕೆ ಬಂದ್ರಿ, ನಾನು ನೋಡಿವ್ನಿ. ಎಂಟು ರೂಪಾಯಿ ನೆಲಕ್ಕೆ ಯಾರಾನ ಚಪ್ಲಿ ಬುಡ್ತಾರಾ?"

ಚನ್ನಕೇಶವ ತಮ್ಮ ಕಾಲು ನೋಡಿಕೊಂಡರು. "ಬೇರೆಯವರು ಕೊಡೋದೇ ಅಷ್ಟು ಅಂತ ಸಾಕ್ಷಿ ಇದೆಯಮ್ಮ."

"ಬೇರೆಯೋರು ಬಂದು ಇರಾಕಿಲ್ಲ ಅಂತ ನೀವೇ ಅಂದ್ರಂತಲ್ಲ. ಮೊದಲು ಬರ್ದಿದ್ರಲ್ಲ ಇಪ್ಪತ್ತೈದು, ಅದೇ ಬರೀರಿ."

"ಅಷ್ಟು ಬೆಲೆಯ ಮನೇಲಿ ಯಾರಮ್ಮ ಇರ್ತಾರೆ?"

"ನಾನಿರ್ತೀನಿ."

ಗುಮಾಸ್ತರು ಯಾರೂ ಈ ಸಲ ಕಡತದ ಹಿಂದೆ ಹೋಗಲಿಲ್ಲ. ಚನ್ನಕೇಶವ ಮೇಜಿನ ಖಾನೆ ಎಳೆದು ಹುಡುಕಿದರು. ಕಂದಾಯ ಇಳಿಸಿ ಎಂದು ಕೇಳಲು ಮೂರು ಬಗೆಯ ಫಾರಮ್ಮಿತ್ತು. ಏರಿಸಿ ಎಂದು ಕೇಳುವವರಿಗೆ ಸರ್ಕಾರ ಒಂದನ್ನೂ ಅಚ್ಚು ಹಾಕಿಸಿರಲಿಲ್ಲ. ಅವರು ಬಿಳಿ ಹಾಳೆಯೊಂದನ್ನು ತೆಗೆದುಕೊಂಡು ಬ್ಯಾಟರಾಯಪ್ಪನ ಕಡೆ ತಿರುಗಿದರು.

"ಮನೆ ನಿಮ್ಮ ಹೆಸರಲ್ಲಿದೆ. ವರ್ಷಕ್ಕೆ ಒಂಬತ್ತು ರೂಪಾಯಿ ಎಪ್ಪತ್ತೆರಡು ನಯಾಪೈಸೆ ಜಾಸ್ತಿ ಬೀಳುತ್ತೆ. ನೀವೇನಂತೀರಿ?"

ಒಂಬತ್ತು ರೂಪಾಯಿ ಎಪ್ಪತ್ತೆರಡು ನಯಾಪೈಸೆಗೆ ಎಷ್ಟು ಕಟ್ಟು ಸೊಪ್ಪು ಎಂಬ ಲೆಕ್ಕ ಬ್ಯಾಟರಾಯಪ್ಪನಿಗೆ ಬಾಯಿಪಾಠ. ಆ ಲೆಕ್ಕಕ್ಕೆ ಅವನು ಕೈ ಹಾಕಲಿಲ್ಲ.

"ಇರ್ತೀನಿ ಅಂದ್ಲಲ್ಲ ಸ್ವಾಮಿ," ಎಂದ, ಕಣ್ಣು ತುಂಬಿಕೊಂಡು. "ಬರ್ಕಳಿ."

ಚನ್ನಕೇಶವ ಬರೆದುಕೊಂಡರು. ಬ್ಯಾಟರಾಯಪ್ಪ ರುಜು ಬಾರದೆ ಹೆಬ್ಬೆಟ್ಟು ಒತ್ತಿದ. ತನ್ನದೂ ಇರಲಿ ಎಂದು ದ್ರೌಪದಮ್ಮ ಪಕ್ಕದಲ್ಲಿ ಇನ್ನೊಂದು ಒತ್ತಿದಳು.

ಬೀದಿಯಲ್ಲಿ ಉಳಿದವರೆಲ್ಲ ಸಾಕ್ಷಿ ಹುಡುಕಿ ಕಂದಾಯ ಇಳಿಸಿಕೊಂಡರು. ಲಕ್ಕಣ್ಣ ಬಾಡಿಗೆಯ ಹದಿನೆಂಟನ್ನು ಹತ್ತಕ್ಕೆ ತಂದ. ಬ್ಯಾಟರಾಯಪ್ಪ ಮಾತ್ರ ವರ್ಷಕ್ಕೆರಡು ಸಲ ಹದಿಮೂರೂವರೆ ರೂಪಾಯಿ ಕಟ್ಟಿ, ರಶೀದಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮುಂದಿನ ಕೋಣೆಯಲ್ಲಿ ಅಕ್ಕನಿಗೆ ಕೊಡುತ್ತಿದ್ದ. ಅವಳಿಗೂ ಓದಲು ಬರುತ್ತಿರಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದಳು.

"ಕಮ್ಮಿ ಮಾಡಿಲ್ಲ ತಾನೆ?"